ಎಚ್. ರಾಯಪ್ಪ ಯಾರು?

ಕಣ್ಣಿನ ಪಾಪೆ ಅಗಲವಾಗಲಿ ಅಂತ ಔಷಧಿ ಬಿಟ್ಟು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿದ್ದರು. ಎದುರಿನ ಗೋಡೆ, ಮೇಲಿನ ಫ್ಯಾನು, ಪಕ್ಕದವರ ಮುಖ ಎಲ್ಲ ಮಳೆಗಾಲದ ಆಗುಂಬೆ ಘಾಟಿಯ ಹಾಗೆ ಮಸುಕು ಮಸುಕು. ಅಷ್ಟರಲ್ಲಿ ಕೌಂಟರಿನ ಹುಡುಗಿ, "ಎಚ್. ರಾಯಪ್ಪ... ಎಚ್. ರಾಯಪ್ಪ" ಎಂದು ಕೂಗಿದಳು. ಯಾರೂ ಏಳಲಿಲ್ಲ. ಮತ್ತೆ ಕೂಗಿದಳು. ಯಾರಪ್ಪ ಈ ರಾಯಪ್ಪ, ಎದ್ದು ಹೋಗಬಾರದಾ, ನಮ್ಮ ಸರದಿಯಾದರೂ ಬೇಗ ಬರುತ್ತಲ್ಲ ಅಂತ ನಾನೂ ಅತ್ತಿತ್ತ ನೋಡಿದೆ. ಕೊನೆಗೆ ಅವಳೇ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಬಗ್ಗಿ, ಬೇರೆಯವರಿಗೆ ಕೇಳಿಸದ ಹಾಗೆ, "ಅಂಕಲ್, ನೀವೇ ಅಲ್ವಾ? ಪೂರ್ತಿ ಹೆಸರು ಕೂಗಿದ್ರೆ ಬೇಜಾರಾಗ್ತೀರೇನೋ ಅಂತ..." ಎಂದಳು.

ನನ್ನ ಹೆಸರು ಹುಚ್ಚರಾಯಪ್ಪ.

ಅವಳು ನಕ್ಕಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ನಗುವವರಿಗೆ ಕೊಡುವ ಉತ್ತರಗಳು ನನ್ನ ಹತ್ತಿರ ತಯಾರಾಗಿವೆ, ಒಂದಕ್ಕಿಂತ ಒಂದು ಖಾರ. ಆದರೆ ಕನಿಕರಕ್ಕೆ ಏನು ಉತ್ತರ ಕೊಡುವುದು? ಪಾಪದ ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ ನನ್ನ ಹೆಸರಿನ ಮೊದಲ ಭಾಗವನ್ನು ನುಂಗಿಬಿಟ್ಟಿದ್ದಳು. "ಥ್ಯಾಂಕ್ಸ್ ಕಣಮ್ಮ" ಅಂದೆ. ಒಳಗೊಳಗೇ ಉರಿಯಿತು.

ನಮ್ಮ ಶಿಕಾರಿಪುರದಲ್ಲಿ ಈ ತೊಂದರೆ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಹುಚ್ಚರಾಯಪ್ಪಾ" ಅಂತ ಒಂದು ಸಲ ಜೋರಾಗಿ ಕೂಗಿ ನೋಡಿ. ನಾಲ್ಕಾರು ತಲೆಗಳು ತಿರುಗುತ್ತವೆ. ಅದರಲ್ಲೊಬ್ಬ "ಯಾಕೆ, ಏನು?" ಅಂತ ಹತ್ತಿರವೇ ಬರುತ್ತಾನೆ. ನಾನು ಓದುವಾಗ ನಮ್ಮ ಕ್ಲಾಸಿನಲ್ಲೇ ಈ ಹೆಸರಿನವರು ಒಂದು ಗುಂಪು ಇದ್ದೆವು. ಮೇಷ್ಟರು ಊರಿನ ಹೆಸರು ಸೇರಿಸಿ ಹಾಜರಿ ಕರೆಯುತ್ತಿದ್ದರು. ಒಬ್ಬನೂ ಕಿಸಕ್ ಅಂದದ್ದಿಲ್ಲ. ಅದೇ ಹೆಸರು ಸವಳಂಗದ ರಸ್ತೆ ಹಿಡಿದು 50 ಕಿಲೋಮೀಟರಿನಷ್ಟು ದೂರ ಬಂದು ಶಿವಮೊಗ್ಗ ಸೇರುವಷ್ಟರಲ್ಲಿ ತಮಾಷೆಯಾಗುತ್ತದೆ. ಸರಿಯಾಗಿ ಎಲ್ಲಿ ಆಗುತ್ತದೆ ಅನ್ನುವುದು ನನಗೆ ಬಹಳ ಕಾಲದ ಕುತೂಹಲ. ಸವಳಂಗದ ಹೋಟೆಲಿನಲ್ಲಿ ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ನವುಲೆ ದಾಟಿ, ಕಾಲೇಜು ಹುಡುಗರು ಬಸ್ಸು ಹತ್ತಿದ ಮೇಲೆ ಹೇಳಿದರೆ ಹಿಂದಿನ ಸೀಟಿನಲ್ಲಿ ಪಿಸುಪಿಸು ಶುರು. ನಡುವೆ ಎಲ್ಲೋ ಒಂದು ಗಡಿ ಇದೆ. ಹೆದ್ದಾರಿ ಇಲಾಖೆಯವರು ಅಲ್ಲೊಂದು ಬೋರ್ಡು ಹಾಕಬೇಕು.

ಹುಚ್ಚರಾಯ ಅಂದರೆ ಶಿಕಾರಿಪುರದ ಆಂಜನೇಯ. ಹುಚ್ಚರಾಯಸ್ವಾಮಿ. ಊರಿನ ಕೆರೆಯೂ ಅವನದೇ ಹೆಸರಿನದು. ಮೂರ್ತಿಯ ಮೂಗಿನಲ್ಲಿ ಸಾಲಿಗ್ರಾಮ ಇದೆ ಅಂತ ಹೇಳುತ್ತಾರೆ. ಸಂಸ್ಕೃತ ಬಲ್ಲವರು ಭ್ರಾಂತೇಶ ಅನ್ನುತ್ತಾರೆ. ಕದರಮಂಡಲಗಿಯಲ್ಲಿ ಕಾಂತೇಶ, ಸಾತೇನಹಳ್ಳಿಯಲ್ಲಿ ಶಾಂತೇಶ, ನಮ್ಮಲ್ಲಿ ಭ್ರಾಂತೇಶ. ಮೂವರನ್ನೂ ಒಂದೇ ದಿನ ನೋಡಿದರೆ ಕಾಶಿಗೆ ಹೋಗಿಬಂದಷ್ಟು ಪುಣ್ಯ ಅಂತ ನಂಬಿಕೆ. ಶನಿವಾರ ಬಂತೆಂದರೆ ಕಾರು, ಟೆಂಪೋ ಮಾಡಿಕೊಂಡು ಜನ ಆ ಮೂರು ಊರು ಸುತ್ತುತ್ತಾರೆ. ಈ ಮೂವರಲ್ಲಿ ಕಾಂತೇಶನ ಹೆಸರು ಮಕ್ಕಳಿಗೆ ಈಗಲೂ ನಡೆಯುತ್ತದೆ, ಒಂಚೂರು ಸ್ಟೈಲಾಗಿಯೂ ಇದೆ. ಶಾಂತೇಶನಿಗೂ ಅಡ್ಡಿಯಿಲ್ಲ. ಭ್ರಾಂತೇಶ ಅಂತ ಮಗುವಿಗೆ ಇಟ್ಟವರನ್ನು ಮಾತ್ರ ನಾನು ಕಂಡಿಲ್ಲ. ನಮ್ಮ ಕಡೆಯವರು ಸುತ್ತಿ ಬಳಸುವವರಲ್ಲ. ನೇರವಾಗಿ ಹುಚ್ಚರಾಯ ಅಂದರು, ಹಿಂದೆ ಒಂದು ಅಪ್ಪ ಸೇರಿಸಿದರು, ಮುಗಿಯಿತು.

ದೇವರಿಗೆ ಎಂಥ ಹುಚ್ಚು ಅಂತ ಚಿಕ್ಕವನಿದ್ದಾಗ ಅಜ್ಜಿಯನ್ನು ಕೇಳಿದ್ದೆ. ಅಜ್ಜಿ ಮುತ್ತಿನ ಹಾರದ ಕತೆ ಹೇಳಿದಳು. ಪಟ್ಟಾಭಿಷೇಕದ ದಿನ ಸೀತಮ್ಮ ಹನುಮಂತನಿಗೆ ಮುತ್ತಿನ ಹಾರ ಕೊಟ್ಟಳಂತೆ. ಅವನು ಒಂದೊಂದೇ ಮುತ್ತು ಕಚ್ಚಿ, ಒಡೆದು, ಒಳಗೆ ನೋಡಿ ಬಿಸಾಡಿದನಂತೆ. ಯಾಕಯ್ಯ ಅಂದರೆ, ಇದರಲ್ಲಿ ರಾಮ ಇಲ್ಲ, ಇಟ್ಟುಕೊಂಡು ಏನು ಮಾಡಲಿ ಅಂದನಂತೆ. "ಅಷ್ಟು ಬೆಲೆಯ ಹಾರ ಒಡೆದು ಹಾಕಿದೋರನ್ನ ಹುಚ್ಚ ಅನ್ನದೆ ಇನ್ನೇನಂತಾರೆ?" ಎಂದಳು ಅಜ್ಜಿ. ಹಾರ ಹಾಳಾಯಿತಲ್ಲ ಅನ್ನುವ ಸಂಕಟವೇ ಅವಳಿಗೆ ಜಾಸ್ತಿ ಇದ್ದಂತಿತ್ತು.

ಇಷ್ಟೆಲ್ಲ ನೆನಪಾದದ್ದಕ್ಕೆ ಆಸ್ಪತ್ರೆಯ ಹುಡುಗಿಯೊಬ್ಬಳೇ ಕಾರಣ ಅಲ್ಲ. ಆ ವಾರವೇ ಬೆಂಗಳೂರಿನಿಂದ ತಂಗಿಯ ಮಗನ ಫೋನ್ ಬಂದಿತ್ತು. ಅವನಿಗೆ ಗಂಡು ಮಗು. ಹೆಸರು ಹುಡುಕುತ್ತಿದ್ದಾನೆ. ಹುಡುಕುತ್ತಿರುವುದು ಅವನಲ್ಲ, ಅವನ ಮೊಬೈಲು.

"ಮಾಮ, ಯುನೀಕ್ ಆಗಿರ್ಬೇಕು. ಚಿಕ್ಕದಾಗಿರ್ಬೇಕು. ಮೀನಿಂಗ್ ಚೆನ್ನಾಗಿರ್ಬೇಕು. ಇಂಗ್ಲಿಷಲ್ಲಿ ಬರೆದ್ರೆ ಎ ಇಂದ ಶುರುವಾಗ್ಬೇಕು."

"ಎ ಯಾಕೋ?"

"ಲಿಸ್ಟಲ್ಲಿ ಮೊದಲು ಬರುತ್ತಲ್ಲ ಮಾಮ."

ಮೌಖಿಕ ಪರೀಕ್ಷೆಯಲ್ಲಿ ಮೊದಲು ಕರೆಸಿಕೊಳ್ಳುವವನ ಕಷ್ಟ ಇವನಿಗೆ ಗೊತ್ತಿಲ್ಲ. ಇರಲಿ. ಒಂದು ಪಟ್ಟಿ ಕಳಿಸಿದ. ಆರವ್, ಆಯಾನ್, ಅಥರ್ವ್, ಅದ್ವಿಕ್, ಹೀಗೆ. ಪಕ್ಕದಲ್ಲಿ ಅರ್ಥ. ಓದಿದೆ. ಈಗಿನ ಹೆಸರುಗಳಿಗೆ ಇರುವುದು ಎರಡೇ ಅರ್ಥ ಅಂತ ನನ್ನ ಅನುಮಾನ. ಒಂದು, ಸೂರ್ಯನ ಮೊದಲ ಕಿರಣ. ಇನ್ನೊಂದು, ವಿಷ್ಣುವಿನ ಒಂದು ಹೆಸರು. ಯಾವುದಕ್ಕೂ ಸಾಲದಿದ್ದರೆ 'ಅನನ್ಯವಾದವನು' ಅಂತ ಹಾಕುತ್ತಾರೆ. ಆ ಅನನ್ಯರೆಲ್ಲ ನರ್ಸರಿಯ ಒಂದೇ ಬೆಂಚಿನಲ್ಲಿ ಸಾಲಾಗಿ ಕೂತಿರುತ್ತಾರೆ. ನಮ್ಮ ಕ್ಲಾಸಿನ ಹುಚ್ಚರಾಯಪ್ಪಗಳಿಗಿಂತ ಇವರೇನು ಕಮ್ಮಿ ಇಲ್ಲ. ಇವರಿಗೆ ಸೇರಿಸಿ ಕರೆಯಲು ಊರಿನ ಹೆಸರೂ ಇಲ್ಲ, ಎಲ್ಲರೂ ಒಂದೇ ಅಪಾರ್ಟ್‌ಮೆಂಟಿನವರು.

"ಮಯೂರ್ ಹೆಂಗೆ ಮಾಮ?" ಎಂದ, ನನ್ನ ಮುಖ ಫೋನಿನಲ್ಲೇ ಕಂಡವನ ಹಾಗೆ. "ಎ ಇಂದ ಶುರುವಾಗಲ್ಲ, ಆದ್ರೂ ಹಿಸ್ಟರಿ ಇದೆ. ನಿಮ್ಮ ತಾಲ್ಲೂಕಿನವನೇ ಅಲ್ವಾ?"

ಈ ಮಾತು ಅವನು ನನ್ನ ಹತ್ತಿರ ಆಡಬಾರದಿತ್ತು. ತಾಳಗುಂದ ಅಂದರೆ ನನಗೆ ನಿಲ್ಲಿಸಲು ಬರುವುದಿಲ್ಲ.

ಶಿರಾಳಕೊಪ್ಪದ ಹತ್ತಿರದ ಊರು ತಾಳಗುಂದ. ಅಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ ನಿಂತಿದೆ. 5ನೇ ಶತಮಾನದ್ದು. ಅದರ ಮೈತುಂಬ ಸಂಸ್ಕೃತ ಪದ್ಯಗಳು. ಕದಂಬರ ಕತೆ ನಮಗೆ ಗೊತ್ತಿರುವುದು ಮುಖ್ಯವಾಗಿ ಆ ಕಂಬದಿಂದ. ಮಯೂರಶರ್ಮ ವೇದ ಓದುವ ಬ್ರಾಹ್ಮಣರ ಹುಡುಗ. ಮನೆಯ ಹತ್ತಿರ ಒಂದು ಕದಂಬದ ಮರ ಇತ್ತು, ಅದನ್ನು ನೋಡಿಕೊಳ್ಳುತ್ತಿದ್ದರು, ಅದಕ್ಕೇ ಮನೆತನಕ್ಕೆ ಆ ಹೆಸರು ಬಂತು ಅಂತ ಕಂಬವೇ ಹೇಳುತ್ತದೆ. ಹೆಸರು ಅಂದರೆ ಹೀಗಿರಬೇಕು ನೋಡಿ. ಹಿತ್ತಲಿನ ಮರ, ಅದರ ಹೆಸರು, ಅಷ್ಟೇ. ನಮ್ಮ ಮನೆಯ ಹಿತ್ತಲಿನಲ್ಲಿ ಹಲಸಿನ ಮರ ಇತ್ತು. ನಾವು ಸಾಮ್ರಾಜ್ಯ ಕಟ್ಟಲಿಲ್ಲ, ಹಾಗಾಗಿ ಹಲಸ ವಂಶ ಅಂತ ಯಾರೂ ಓದಬೇಕಾಗಿ ಬರಲಿಲ್ಲ.

ಮಯೂರಶರ್ಮ ಹೆಚ್ಚಿನ ಓದಿಗೆ ಗುರು ವೀರಶರ್ಮನ ಜೊತೆ ಕಂಚಿಗೆ ಹೋದ. ಅದು ಪಲ್ಲವರ ರಾಜಧಾನಿ. ಅಲ್ಲಿ ಒಬ್ಬ ಪಲ್ಲವ ಕುದುರೆ ಸವಾರನಿಗೂ ಇವನಿಗೂ ಜಗಳ ಆಯಿತು. ಯಾವ ವಿಷಯಕ್ಕೆ ಅಂತ ಪದ್ಯದಲ್ಲಿಲ್ಲ. ಬ್ರಾಹ್ಮಣರು ಕ್ಷತ್ರಿಯರಿಗಿಂತ ಇಷ್ಟು ದುರ್ಬಲರಾಗಿ ಹೋದೆವಲ್ಲ ಅಂತ ಅವನು ಕುದ್ದುಹೋದ ಅಂತ ಇದೆ. ಗಾಂಧಿ ಬಜಾರಿನಲ್ಲಿ ಸ್ಕೂಟರಿನವನು ಮೈಮೇಲೆ ಬಂದಾಗ ನನಗೂ ಕುದಿಯುತ್ತದೆ. ನಾನು ಬೈದು, ಚೀಲ ಎತ್ತಿಕೊಂಡು, ಸೊಪ್ಪು ಕೊಳ್ಳಲು ಹೋಗುತ್ತೇನೆ. ಅವನು ಹಾಗೆ ಮಾಡಲಿಲ್ಲ. ದರ್ಭೆ, ಸಮಿತ್ತು, ಹೋಮದ ಸೌಟು, ತುಪ್ಪ, ಹವಿಸ್ಸಿನ ಪಾತ್ರೆ ಹಿಡಿದು ಪಳಗಿದ ಕೈಯಲ್ಲಿ ಹೊಳೆಯುವ ಕತ್ತಿ ಹಿರಿದ. ಈ ಸಾಮಾನಿನ ಪಟ್ಟಿ ನಾನು ಮಾಡಿದ್ದಲ್ಲ, ಪದ್ಯದಲ್ಲೇ ಇದೆ. ಗಡಿ ಕಾಯುತ್ತಿದ್ದ ಪಲ್ಲವರ ಅಧಿಕಾರಿಗಳನ್ನು ಸೋಲಿಸಿದ. ಶ್ರೀಪರ್ವತದ, ಅಂದರೆ ಈಗಿನ ಶ್ರೀಶೈಲದ, ಬಾಗಿಲವರೆಗಿನ ದಟ್ಟ ಕಾಡು ಹಿಡಿದು ಕೂತ. ಬೃಹದ್ಬಾಣರೆಂಬ ಅರಸು ಮನೆತನದಿಂದ ಕಪ್ಪ ವಸೂಲಿ ಮಾಡಿದ. ಕಾಡಿನಲ್ಲಿ ಕೂತವನನ್ನು ಹಿಡಿಯುವುದು ಎಂಥ ಕಷ್ಟ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಲ್ಲವರು ಕೊನೆಗೆ ಬೇಸತ್ತು ರಾಜಿ ಮಾಡಿಕೊಂಡು, ಪಡುವಣ ಕಡಲಿನ ಕಡೆಯ ನಾಡನ್ನು ಬಿಟ್ಟುಕೊಟ್ಟರು.

ಶಾಲೆಯಲ್ಲಿ ನಾವು ಅವನನ್ನು ಮಯೂರವರ್ಮ ಅಂತ ಓದಿದೆವು. ಆದರೆ ಕಂಬದ ಮೇಲೆ ಅವನು ಶರ್ಮನೇ. ವರ್ಮ ಬರುವುದು ಮಗ ಕಂಗವರ್ಮನಿಂದ. ಅಂದರೆ ಇಷ್ಟೆಲ್ಲ ಹೊಡೆದಾಡಿ ರಾಜ್ಯ ಕಟ್ಟಿದವನ ಹೆಸರು ಕಲ್ಲಿನ ಮೇಲೆ ಅಪ್ಪ ಅಮ್ಮ ಇಟ್ಟ ಹಾಗೇ ಉಳಿದಿದೆ. ಹೆಸರು ಬದಲಾಯಿಸುವ ಚಟ ಮುಂದಿನ ತಲೆಮಾರಿನದು. ಇದನ್ನು ತಂಗಿಯ ಮಗನಿಗೆ ಒತ್ತಿ ಹೇಳಿದೆ. ಅವನು "ಹ್ಞೂಂ ಮಾಮ" ಅಂದ.

ನನಗೆ ಇದಕ್ಕಿಂತ ಇಷ್ಟವಾದದ್ದು ಬೇರೆ. ಆ ಪದ್ಯಗಳನ್ನು ಬರೆದ ಕವಿ ಯಾರು ಗೊತ್ತಾ? ಕುಬ್ಜ. ಕದಂಬರ ಅರಸ ಶಾಂತಿವರ್ಮನ ಕಾಲದವನು. ಈ ಕಾವ್ಯ ನನ್ನದು, ಇದನ್ನು ಕಲ್ಲಿನ ಮೇಲೆ ನಾನೇ ಬರೆದೆ ಅಂತ ಪದ್ಯದಲ್ಲೇ ಹೆಸರು ಹೇಳಿಕೊಂಡಿದ್ದಾನೆ. ಕುಬ್ಜ ಅಂದರೆ ಗೂನುಬೆನ್ನಿನವನು, ಗಿಡ್ಡ. ನಿಜಕ್ಕೂ ಅವನ ಬೆನ್ನು ಗೂನಾಗಿತ್ತೋ, ಅಥವಾ ಮಗುವಿಗೆ ದೃಷ್ಟಿಯಾಗದಿರಲಿ ಅಂತ ಅವನ ತಾಯಿ ಹಾಗೆ ಕರೆದಳೋ, ಯಾರು ಬಲ್ಲರು. ಶಾಂತಿವರ್ಮನ ಓಲಗದಲ್ಲಿ ಯಾವನಾದರೂ ನಾಜೂಕಿನವನು ಅವನನ್ನು ಮೆಲ್ಲಗೆ 'ಕೆ. ಕವಿಗಳೇ' ಅಂತ ಕರೆದಿರಲಿಕ್ಕೂ ಸಾಕು. ಆದರೆ ಕೈಯಲ್ಲಿ ಉಳಿ ಇದ್ದವನು ಅವನು. ಮನಸ್ಸು ಮಾಡಿದ್ದರೆ ಅಲ್ಲೇ ಒಂದು ಒಳ್ಳೆಯ ಹೆಸರು, ಸೂರ್ಯನ ಮೊದಲ ಕಿರಣದಂಥದ್ದು, ಕೆತ್ತಿಕೊಳ್ಳಬಹುದಿತ್ತು. ಕುಬ್ಜ ಅಂತಲೇ ಕೆತ್ತಿದ. 1500 ವರ್ಷ ದಾಟಿತು. ಅಳಿಸಿಲ್ಲ.

"ಹಾಗಾದ್ರೆ ಮಗೂಗೆ ಕುಬ್ಜ ಅಂತ ಇಡ್ಲಾ?" ಎಂದ ತಂಗಿಯ ಮಗ. ಆಮೇಲೆ, "ಮಾಮ, ಇನ್ನೊಂದು ಕಾಲ್ ಬರ್ತಿದೆ" ಅಂತ ಇಟ್ಟುಬಿಟ್ಟ. ಅವನಿಗೆ ನಾನು ಮಾತಾಡುವಾಗಲೇ ಯಾವಾಗಲೂ ಇನ್ನೊಂದು ಕಾಲ್ ಬರುತ್ತದೆ.

ಹಳೆಯವರು ಹೆಸರಿನ ಅರ್ಥ ಚೆನ್ನಾಗಿರಲಿ ಅಂತ ತಲೆ ಕೆಡಿಸಿಕೊಂಡವರಲ್ಲ. ಮಗು ಉಳಿಯಲಿ ಅಂತ ತಲೆ ಕೆಡಿಸಿಕೊಂಡವರು. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ಹೋದರೆ, ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ ಅನ್ನುತ್ತಿದ್ದರು. ಗುಂಡ, ಕಲ್ಲ, ಅಡವಿ, ಹುಚ್ಚ ಎಲ್ಲ ಆ ಸಾಲಿನವೇ. ಜವರಾಯ ಬಂದು ಬಾಗಿಲಲ್ಲಿ ನಿಂತು, ಇದೇನು ಮಹಾ, ತಿಪ್ಪೆಯ ಮೇಲಿನದು ಅಂತ ಮೂಗು ಮುರಿದುಕೊಂಡು ವಾಪಸು ಹೋಗಲಿ ಅಂತ. ಗಂಡು ಮಗುವಿಗೆ ಮೂಗು ಚುಚ್ಚಿಸಿದ್ದೂ ಉಂಟು. ನನಗಿಂತ ಮೊದಲು ಹುಟ್ಟಿದವರು ನಮ್ಮ ಮನೆಯಲ್ಲೂ ಉಳಿದಿರಲಿಲ್ಲ. ಅಜ್ಜಿ ಹುಚ್ಚರಾಯಸ್ವಾಮಿಗೆ ಹೇಳಿಕೊಂಡಳು. ನಾನು ಉಳಿದೆ. ಹೆಸರು ಮೊದಲೇ ತೀರ್ಮಾನವಾಗಿತ್ತು.

ಹನುಮಂತನ ಹೆಸರಾದರೂ ಏನು? ಸೂರ್ಯನನ್ನು ಹಣ್ಣು ಅಂತ ತಿಳಿದು ಹಾರಿದ ಕೂಸು ಅವನು. ಇಂದ್ರ ವಜ್ರಾಯುಧದಿಂದ ಹೊಡೆದ. ದವಡೆ ಮುರಿಯಿತು. ಹನು ಅಂದರೆ ದವಡೆ, ಅದಕ್ಕೇ ಹನುಮಂತ. ಬಿದ್ದು ಪೆಟ್ಟಾದ ಜಾಗವನ್ನೇ ಹೆಸರು ಮಾಡಿಟ್ಟಿದ್ದಾರೆ. ಈಗಿನ ತಂದೆತಾಯಿಗೆ ಕೇಳಿದರೆ, ಅಯ್ಯೋ, ಮಗುವಿಗೆ ಟ್ರಾಮಾ ಆಗುತ್ತದೆ ಅಂದಾರು. ಅವನಿಗೆ ಏನೂ ಆಗಲಿಲ್ಲ, ಮುಂದೆ ಸಮುದ್ರ ಹಾರಿದ.

ಇನ್ನು ಆ 'ಅಪ್ಪ'. ಅದರ ಮೇಲೆ ಈಗಿನವರಿಗೆ ಯಾಕೆ ಅಷ್ಟು ಸಿಟ್ಟು ಅಂತ ನನಗೆ ಅರ್ಥವಾಗುವುದಿಲ್ಲ. ಹೆಸರಿಗೆ ಅಪ್ಪ ಸೇರಿದರೆ ವಯಸ್ಸಾಯಿತು ಅಂತ ಲೆಕ್ಕವಂತೆ. ಕೆಳದಿಯ ಶಿವಪ್ಪ ನಾಯಕ 1645ರಿಂದ 1660ರವರೆಗೆ ಆಳಿದ, ಭೂಮಿ ಅಳೆಸಿ ಕಂದಾಯಕ್ಕೆ ಒಂದು ಶಿಸ್ತು ತಂದ. ಅವನನ್ನು ಶಿವಾಂಶ್ ನಾಯಕ್ ಅಂದರೆ ರೈತರು ಕಂದಾಯ ಕಟ್ಟುತ್ತಿದ್ದರಾ? ಕುಪ್ಪಳಿಯ ಪುಟ್ಟಪ್ಪ ಪುಟ್ಟಪ್ಪನಾಗಿಯೇ ಕುವೆಂಪು ಆದರು. ಈಸೂರಿನವರು 1942ರಲ್ಲಿ ಬ್ರಿಟಿಷರ ಕಾಲದಲ್ಲೇ ತಮ್ಮದೇ ಸರ್ಕಾರ ಮಾಡಿಕೊಂಡರು. ಮರುವರ್ಷ ಗಲ್ಲಿಗೆ ಹೋದವರ ಹೆಸರು ನೋಡಿ: ಗುರಪ್ಪ, ಮಲ್ಲಪ್ಪ, ಹಾಲಪ್ಪ, ಶಂಕರಪ್ಪ, ಜೊತೆಗೆ ಸೂರ್ಯನಾರಾಯಣಾಚಾರ್. ಈ ಹೆಸರುಗಳು ಹಳೇದಾದವು ಅಂತ ನನ್ನೆದುರಿಗೆ ಯಾರೂ ಹೇಳಬೇಡಿ. ಸುಮ್ನೆ ಜಗಳವಾಗುತ್ತದೆ.

ನಮ್ಮ ಶಿಕಾರಿಪುರದಿಂದ ಗೆದ್ದು ಮುಖ್ಯಮಂತ್ರಿಯಾದ ಯಡಿಯೂರಪ್ಪನವರ ಹೆಸರೂ ಅಪ್ಪನದೇ. ಯಡಿಯೂರು ಸಿದ್ಧಲಿಂಗೇಶ್ವರನ ಹೆಸರು. ಅವರು ನಡುವೆ ಇಂಗ್ಲಿಷಿನ ಅಕ್ಷರಗಳನ್ನು ಒಂದಿಷ್ಟು ಆಚೀಚೆ ಮಾಡಿಕೊಂಡರು. 2019ರಲ್ಲಿ ಮತ್ತೆ ಹಳೇ ಅಕ್ಷರಗಳಿಗೇ ಬಂದರು. ಕನ್ನಡದಲ್ಲಿ ಬರೆಯುವವರಿಗೆ ಈ ಎರಡೂ ಸಲ ಏನೂ ತೊಂದರೆಯಾಗಲಿಲ್ಲ. ನನಗೂ ಒಬ್ಬರು ಸಲಹೆ ಕೊಟ್ಟಿದ್ದರು, ಒಂದು ಎಚ್ ಜಾಸ್ತಿ ಹಾಕಿಕೊಳ್ಳಿ, ದೆಸೆ ತಿರುಗುತ್ತದೆ ಅಂತ. ನನ್ನ ಹೆಸರಿನಲ್ಲಿ ಈಗಲೇ ಇಂಗ್ಲಿಷಿನವರಿಗೆ ಉಸಿರು ಕಟ್ಟುವಷ್ಟು ಎಚ್‌ಗಳಿವೆ. ಇನ್ನೊಂದನ್ನು ಎಲ್ಲಿ ಇಡಲಿ?

ಇಂಗ್ಲಿಷ್ ಫಾರಂಗಳ ವಿಷಯ ಎತ್ತಲೇಬಾರದು. ಎತ್ತಿದ್ದೇನೆ. ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಖಾನೆ. ನಮಗೆ ಇರುವುದೇ ಒಂದು ಹೆಸರು. ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಲಾಸ್ಟ್ ನೇಮ್ ಖಾಲಿ ಬಿಟ್ಟರೆ ಕೆಂಪು ಅಕ್ಷರ ಬರುತ್ತದೆ. ಊರಿನ ಹೆಸರು ತುಂಬಿಸಿದರೆ ನಾಳೆಯಿಂದ ಫೋನಿನಲ್ಲಿ ಯಾರೋ ನಮ್ಮ ಊರನ್ನೇ 'ಸರ್' ಅಂತ ಮಾತಾಡಿಸಿ ಸಾಲ ಬೇಕಾ ಅಂತ ಕೇಳುತ್ತಾರೆ. ಒಂದು ಕಡೆ ಹುಚ್ಚ ಫಸ್ಟ್, ರಾಯಪ್ಪ ಲಾಸ್ಟ್ ಅಂತ ಅವರೇ ಕತ್ತರಿಸಿಕೊಂಡಿದ್ದರು. ಅಲ್ಲಿಂದ ಬರುವ ಪ್ರತಿ ಮೆಸೇಜೂ 'ಡಿಯರ್ ಹುಚ್ಚ' ಅಂತಲೇ ಶುರು.

ನಮ್ಮ ಕಡೆ ಹೆಸರು ಇಡುವುದು ಒಂದು, ಕರೆಯುವುದು ಇನ್ನೊಂದು. ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಾರೆ. ಆದರೆ ಸೊಸೆ ಮಾವನ ಹೆಸರು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹಾಗಾಗಿ ಹೆತ್ತ ತಾಯಿಯೇ ಮಗನನ್ನು ಅಪ್ಪಿ, ಪುಟ್ಟ, ಅಜ್ಜಯ್ಯ ಅಂತ ಕರೆದು ಜೀವಮಾನ ಕಳೆಯುತ್ತಾಳೆ. ಇಟ್ಟ ಹೆಸರು ಶಾಲೆಯ ರಿಜಿಸ್ಟರಿಗೆ, ಪಹಣಿಗೆ, ಮದುವೆಯ ಕಾಗದಕ್ಕೆ ಮಾತ್ರ. ತಂಗಿಯ ಮಗ ಕೊನೆಗೆ ಯಾವ ಹೆಸರು ಇಟ್ಟನೋ ನೋಡಿ, ನಾಮಕರಣದ ಕಾರ್ಡು ವಾಟ್ಸಾಪಿನಲ್ಲಿ ಬಂತು. ಕಣ್ಣು ಇನ್ನೂ ಸರಿಯಾಗಿರಲಿಲ್ಲ, ದೊಡ್ಡದು ಮಾಡಿ ಓದಿದರೂ ಬಾಯಿಗೆ ಬರಲಿಲ್ಲ. ನನ್ನ ಹೆಂಡತಿ ಓದಿ ಹೇಳಿದಳು. ಎರಡು ಸಲ ಹೇಳಿಸಿಕೊಂಡೆ. ಸೂರ್ಯನಿಗೆ ಸಂಬಂಧಪಟ್ಟದ್ದೇ.

ಮಗುವಿನ ಹೆಸರಿನಲ್ಲಿ ಒಂದು ಅರ್ಚನೆ ಮಾಡಿಸಿ, ಹಾಗೇ ನಿಮ್ಮದೂ ಮಾಡಿಸಿಕೊಂಡು ಬನ್ನಿ ಅಂತ ಅವಳೇ ನನ್ನನ್ನು ಶಿಕಾರಿಪುರಕ್ಕೆ ಕಳಿಸಿದಳು. ಶನಿವಾರ. ದೇವಸ್ಥಾನದಲ್ಲಿ ಜನವೋ ಜನ. ಮಗುವಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅರ್ಚಕರು ಅದನ್ನು ಒಂದು ಸಲ ನೋಡಿ, ಇನ್ನೊಂದು ಸಲ ನೋಡಿ, ಹೇಗೋ ಹೇಳಿ ಮುಗಿಸಿದರು. ಆಮೇಲೆ "ನಿಮ್ಮ ಹೆಸರು?" ಎಂದರು.

"ಹುಚ್ಚರಾಯಪ್ಪ."

ಅವರು ತಲೆ ಎತ್ತಲೂ ಇಲ್ಲ. "ಯಾವೂರಿನ ಹುಚ್ಚರಾಯಪ್ಪ?"

ಹೇಳಿದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ತೆಂಗಿನಕಾಯಿ ಹಿಡಿದ ಒಂದು ಕೈ ಮುಂದೆ ಬಂತು. "ಸ್ವಾಮಿ, ನಂದೂ ಅದೇ ಹೆಸರು. ಇಬ್ಬರದೂ ಒಟ್ಟಿಗೇ ಮಾಡ್ಬಿಡಿ."

"ನಕ್ಷತ್ರ ಬೇರೆ ಇರುತ್ತಲ್ರೀ" ಎಂದರು ಅರ್ಚಕರು.

"ಅವರದ್ದೇ ಹಾಕ್ಕೊಳ್ಳಿ, ನಡಿಯುತ್ತೆ. ನಂಗೆ ಬಸ್ಸಿಗೆ ಹೊತ್ತಾಯ್ತು."